ಕಾರಾಪುರದ ಮಾವುತನ ಮಗ ಸಾಬು



ಊರಿಂದ ಅಜ್ಜಿ-ತಾತ ಬಂದಾಗ ನಾವೆಲ್ಲ ಅವರನ್ನು ಒಂದು ಸಲವಾದರೂ ಹಾಲಿವುಡ್ ಬುಲೆವಾರ್ಡ್‌ಗೆ ಕರ್ಕೊಂಡು ಹೋಗ್ತೀವಿ, ಅಲ್ವಾ? ಅಲ್ಲಿ ಫುಟ್‌ಪಾತ್ ಮೇಲೆ ಗುಲಾಬಿ ಬಣ್ಣದ ನಕ್ಷತ್ರಗಳಿವೆ. ಪ್ರತಿ ನಕ್ಷತ್ರದಲ್ಲೂ ಒಬ್ಬ ಕಲಾವಿದರ ಹೆಸರು. ಜನ ಅವುಗಳ ಮೇಲೇ ನಡೆದುಕೊಂಡು ಹೋಗ್ತಾ ಇರ್ತಾರೆ. ಅವುಗಳಲ್ಲಿ ಒಂದರ ಮೇಲೆ ಬರೀ ಎರಡೇ ಅಕ್ಷರದ ಹೆಸರಿದೆ: ಸಾಬು.

ಈ ಸಾಬು ಯಾರು ಗೊತ್ತಾ? ನಮ್ಮ ಮೈಸೂರು ಸೀಮೆಯ ಹುಡುಗ. ಆನೆ ನೋಡಿಕೊಳ್ಳುವ ಮಾವುತನ ಮಗ. ಇಂಗ್ಲಿಷ್ ಬಾರದ, ಅಪ್ಪ-ಅಮ್ಮ ಇಲ್ಲದ ಈ ಹುಡುಗ ಹದಿಮೂರನೇ ವಯಸ್ಸಿಗೆ ಪ್ರಪಂಚಕ್ಕೆಲ್ಲ ಪರಿಚಿತನಾದ. ಅದು ಹೇಗಾಯ್ತು ಅಂತ ಈ ಸಲ ನಿಮಗೆ ಹೇಳ್ತೀನಿ. ಓದಿ ಮುಗಿಸಿದ ಮೇಲೆ ನಿಮ್ಮ ಅಪ್ಪ-ಅಮ್ಮನಿಗೂ ಓದೋಕೆ ಕೊಡಿ. ಅವರಲ್ಲೂ ಎಷ್ಟೋ ಜನಕ್ಕೆ ಈ ಕತೆ ಗೊತ್ತಿರಲಾರದು.

ಕಾಡಂಚಿನ ಊರು

ಮೈಸೂರಿನಿಂದ ನೈಋತ್ಯಕ್ಕೆ ಹೋದರೆ ಹೆಗ್ಗಡದೇವನಕೋಟೆ ಸಿಗುತ್ತದೆ. ಅದರಾಚೆ ಕಬಿನಿ ಹೊಳೆ, ಹೊಳೆಯ ಬದಿಗೆ ಕಾಡು. ಆ ಕಾಡಂಚಿನ ಒಂದು ಊರೇ ಕಾರಾಪುರ. 1924ರ ಜನವರಿ 27ರಂದು ಸಾಬು ಹುಟ್ಟಿದ್ದು ಇಲ್ಲಿ.

ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಹಾರಾಜರಿಗೆ ದೊಡ್ಡ ಆನೆ ಲಾಯವಿತ್ತು. ಈಗ ನಮಗೆ ಅರಮನೆ ಆನೆ ಅಂದ ಕೂಡಲೇ ದಸರಾ ನೆನಪಾಗುತ್ತದೆ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು, ಬಣ್ಣ ಬಳಿಸಿಕೊಂಡು, ಗಂಭೀರವಾಗಿ ನಡೆಯುವ ಆನೆ. ಆದರೆ ದಸರಾ ಮೆರವಣಿಗೆ ವರ್ಷಕ್ಕೊಂದು ದಿನ. ಮಿಕ್ಕ ದಿನಗಳಲ್ಲಿ ಪಳಗಿದ ಆನೆಗಳಿಗೆ ಬೇರೆ ಕೆಲಸಗಳಿದ್ದವು. ಲಾರಿ, ಕ್ರೇನ್ ಹೋಗಲಾರದ ಕಾಡಿನಲ್ಲಿ ಭಾರಿ ಮರದ ದಿಮ್ಮಿಗಳನ್ನು ಎಳೆದು ತರುವುದು ಆನೆಯ ಕೆಲಸ. ಹೊಳೆ ದಾಟಿಸುವುದು ಆನೆಯ ಕೆಲಸ. ಕಾಡಾನೆಗಳ ಹಿಂಡು ರಾಗಿ, ಭತ್ತದ ಹೊಲಕ್ಕೆ ನುಗ್ಗಿ ರೈತರ ಒಂದು ವರ್ಷದ ಅನ್ನವನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋಗುವುದುಂಟು. ಆ ಹಿಂಡನ್ನು ಎದುರಿಸಲೂ ಪಳಗಿದ ಆನೆಯೇ ಬೇಕು.

ಕಾರಾಪುರ, ಕಾಕನಕೋಟೆ ಕಡೆ ಖೆಡ್ಡಾ ಅಂತ ನಡೆಯುತ್ತಿತ್ತು. ಖೆಡ್ಡಾ ಅಂದರೆ ಕಾಡಾನೆಗಳ ಹಿಂಡನ್ನು ಓಡಿಸಿಕೊಂಡು ಬಂದು, ದಪ್ಪ ಮರದ ಕಂಬಗಳನ್ನು ನೆಟ್ಟು ಮಾಡಿದ ದೊಡ್ಡ ಆವರಣದೊಳಗೆ ಕೂಡಿಹಾಕುವುದು. ಕಾಡಿನ ಒಂದೊಂದು ಹೆಜ್ಜೆಯನ್ನೂ ಓದಬಲ್ಲ ಜೇನುಕುರುಬರು ಹಿಂಡಿನ ಜಾಡು ಹಿಡಿಯುತ್ತಿದ್ದರು. ನೂರಾರು ಜನ ಸದ್ದು ಮಾಡುತ್ತ, ಪಂಜು ಹಿಡಿದು ಹಿಂಡನ್ನು ಹೊಳೆಯ ಕಡೆಗೆ ನಡೆಸುತ್ತಿದ್ದರು. ಕೊನೆಗೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ, ಗಾಬರಿಯಾದ ಕಾಡಾನೆಗಳ ನಡುವೆ ನಿಂತು ಹಗ್ಗ ಬಿಗಿಯುತ್ತಿದ್ದರು. ಎಂಥ ಅಪಾಯದ ಕೆಲಸ ಅಂತ ಯೋಚನೆ ಮಾಡಿ! ಅಂಥ ಹೊತ್ತಲ್ಲಿ ಮಾವುತನ ಜೀವ ಉಳಿಸುವುದು ಅವನ ಕೈಯಲ್ಲಿರುವ ಅಂಕುಶ ಅಲ್ಲ, ಅವನು ಕೂತಿರುವ ಆನೆ.

ಇವತ್ತು ನಮಗೆ ಖೆಡ್ಡಾ ಕ್ರೂರ ಅನ್ನಿಸುತ್ತದೆ. ಅನ್ನಿಸಬೇಕಾದ್ದೇ. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು, ಆಮೇಲೆ ನಿಂತೇಹೋಯಿತು. ಆದರೆ ಸಾಬು ಹುಟ್ಟಿದ ಕಾಲದಲ್ಲಿ ಆ ಊರಿನ ಜನರ ಬದುಕು ಹಾಗೆ ಆನೆಯ ಜೊತೆ ಹೆಣೆದುಕೊಂಡಿತ್ತು.

ಆನೆಯ ಜೊತೆ ಬೆಳೆದ ಹುಡುಗ

ಸಾಬುವಿನ ತಾಯಿ ಅವನು ತುಂಬಾ ಚಿಕ್ಕವನಿದ್ದಾಗಲೇ ತೀರಿಹೋದರು. ತಂದೆ ಮಹಾರಾಜರ ಲಾಯದ ಮಾವುತ. ಹುಡುಗ ಅಪ್ಪನ ಹಿಂದೆಯೇ ಲಾಯದಲ್ಲಿ ಓಡಾಡಿಕೊಂಡು ಬೆಳೆದ. ನಿಮಗೆ ಸೈಕಲ್ ಹೇಗೋ, ಅವನಿಗೆ ಆನೆ ಹಾಗೆ.

ಆದರೆ ಸೈಕಲ್ಲನ್ನು ಬಿಟ್ಟು ಎರಡು ದಿನ ಆಟಕ್ಕೆ ಹೋಗಬಹುದು. ಆನೆಯನ್ನು ಬಿಟ್ಟು ಹೋಗೋಕಾಗಲ್ಲ. ದೊಡ್ಡ ಆನೆ ಒಂದು ದಿನಕ್ಕೆ ನೂರೈವತ್ತು ಕಿಲೋವರೆಗೆ ಸೊಪ್ಪು, ಹುಲ್ಲು ತಿನ್ನುತ್ತದೆ. ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಮೇವು ತರಬೇಕು. ಹೊಳೆಗೆ ಕರೆದೊಯ್ದು, ಮಲಗಿಸಿ, ಕಿವಿಯ ಹಿಂದೆಯೂ ಕಾಲಿನ ಸಂದಿಯೂ ಬಿಡದೆ ಉಜ್ಜಿ ತೊಳೆಯಬೇಕು. ಅಂಗಾಲಿಗೆ ಮುಳ್ಳು ಹೊಕ್ಕಿದೆಯಾ, ಚರ್ಮಕ್ಕೆ ಗಾಯ ಆಗಿದೆಯಾ ನೋಡಬೇಕು. ಕಿವಿ ಬೀಸುವ ರೀತಿ ನೋಡಿ, ಇವತ್ತು ಇದರ ಮನಸ್ಸು ಸರಿ ಇದೆಯಾ ಇಲ್ಲವಾ ಅಂತ ತಿಳಿದುಕೊಳ್ಳಬೇಕು. ಕುತ್ತಿಗೆಯ ಮೇಲೆ ಕೂತು, ಕಾಲ್ಬೆರಳನ್ನು ಕಿವಿಯ ಹಿಂದೆ ಒತ್ತಿ, ಎಡಕ್ಕೆ ಬಲಕ್ಕೆ ತಿರುಗಿಸುವುದನ್ನು ಕಲಿಯಬೇಕು. ಇದಕ್ಕೆ ಪುಸ್ತಕ ಇಲ್ಲ, ಪರೀಕ್ಷೆಯೂ ಇಲ್ಲ. ಅಪ್ಪ ಮಾಡುವುದನ್ನು ಮಗ ನೋಡಬೇಕು, ಮಾಡಬೇಕು, ಅಷ್ಟೇ.

ಸಾಬು ಹೀಗೆ ಕಲಿಯುತ್ತಿರುವಾಗಲೇ ಅಪ್ಪನೂ ತೀರಿಕೊಂಡರು. ಆ ಹುಡುಗನಿಗೆ ಉಳಿದದ್ದು ಅಣ್ಣ, ಲಾಯದ ಜನ, ಆನೆಗಳು. ಅರಮನೆಯ ಲಾಯವೇ ಅವನನ್ನು ಇಟ್ಟುಕೊಂಡಿತು. ಅವನು ಅಲ್ಲೇ ಕೆಲಸ ಮಾಡಿಕೊಂಡು ಇದ್ದ. ಮಕ್ಕಳೇ, ಇಲ್ಲಿ ಒಂದು ನಿಮಿಷ ನಿಲ್ಲಿ. ಅಪ್ಪ-ಅಮ್ಮ ಇಲ್ಲದ ಪುಟ್ಟ ಹುಡುಗನೊಬ್ಬನ ಹೊಟ್ಟೆ ತುಂಬಿಸಿದ್ದು ಯಾವುದು? ಅವನಪ್ಪ ಕಲಿಸಿಕೊಟ್ಟ ಕೆಲಸ, ಮತ್ತು ಅವನನ್ನು ತಮ್ಮವನು ಅಂದುಕೊಂಡ ಜನ. ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಸಿನಿಮಾದವರು ಬಂದರು

1935ರಲ್ಲಿ ಇಂಗ್ಲೆಂಡಿನ ಒಂದು ಸಿನಿಮಾ ಕಂಪನಿಯವರು ಮೈಸೂರಿಗೆ ಬಂದರು. ನಿರ್ದೇಶಕರ ಹೆಸರು ರಾಬರ್ಟ್ ಫ್ಲಾಹರ್ಟಿ. ದೂರದ ಊರುಗಳಿಗೆ ಹೋಗಿ, ಅಲ್ಲಿನ ನಿಜವಾದ ಜನರನ್ನೇ ಇಟ್ಟುಕೊಂಡು ಚಿತ್ರ ತೆಗೆಯುವುದರಲ್ಲಿ ಅವರು ಹೆಸರುವಾಸಿ. ಮಹಾರಾಜರು ಅವರಿಗೆ ಮೈಸೂರಿನ ಚಿತ್ತರಂಜನ್ ಮಹಲನ್ನೇ ಬಿಟ್ಟುಕೊಟ್ಟರು. ಆನೆಗಳನ್ನೂ ಕೊಟ್ಟರು, ಮಾವುತರನ್ನೂ ಕೊಟ್ಟರು.

ಅವರು ಮಾಡಲು ಹೊರಟಿದ್ದು ರಡ್ಯಾರ್ಡ್ ಕಿಪ್ಲಿಂಗ್ ಬರೆದ ಒಂದು ಕತೆ, ತೂಮಾಯಿ ಎಂಬ ಮಾವುತರ ಹುಡುಗನದು. ನೀವು ಮೋಗ್ಲಿಯ ಕತೆ ಕೇಳಿದ್ದೀರಲ್ಲ, ಅದೇ 'ಜಂಗಲ್ ಬುಕ್' ಪುಸ್ತಕದಲ್ಲಿ ಇದೂ ಇದೆ. ಚಿತ್ರಕ್ಕೆ ಒಬ್ಬ ಹುಡುಗ ಬೇಕಿತ್ತು. ನಟನೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆನೆ ಗೊತ್ತಿರಬೇಕು. ಹುಡುಕಾಟ ನಡೆಯಿತು. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಲಾಯದಲ್ಲಿದ್ದ ಸಾಬು ಬಿದ್ದ. ಆಗ ಅವನಿಗೆ ಹನ್ನೊಂದು ವರ್ಷ. ಸಣಕಲು ಮೈ, ಹೊಳೆಯುವ ಕಣ್ಣು, ಮುಖದ ತುಂಬಾ ನಗು.

ಚಿತ್ರದಲ್ಲಿ ಸಾಬುವಿನ ಜೊತೆ ನಟಿಸಿದ್ದು ಮಹಾರಾಜರ ಲಾಯದ ಭಾರಿ ಆನೆ ಐರಾವತ. ದಸರಾದಲ್ಲಿ ಅಂಬಾರಿ ಹೊತ್ತ ಆನೆಗಳ ಹೆಸರು ಹೇಳುವಾಗ ಮೈಸೂರಿನ ಹಳಬರು ಈ ಐರಾವತನನ್ನೂ ನೆನೆಸಿಕೊಳ್ಳುತ್ತಾರೆ. ಅಷ್ಟು ಎತ್ತರದ ಆನೆಯ ಕುತ್ತಿಗೆಯ ಮೇಲೆ ಈ ಪುಟ್ಟ ಹುಡುಗ. ಸಿನಿಮಾದಲ್ಲಿ ಆನೆಯ ಹೆಸರು ಕಾಲಾ ನಾಗ್.

ಈಗ ಆ ಸಿನಿಮಾ ಕತೆಯನ್ನು ಸ್ವಲ್ಪ ಕೇಳಿ. ತೂಮಾಯಿಗೆ ದೊಡ್ಡವನಾದ ಮೇಲೆ ಕಾಡಿನ ಬೇಟೆಗಾರನಾಗಬೇಕು ಅಂತ ಆಸೆ. ಕಾಡಾನೆಗಳನ್ನು ಹುಡುಕಿ ಹೊರಟ ಒಂದು ದೊಡ್ಡ ತಂಡದಲ್ಲಿ ಅವನ ಅಪ್ಪನೂ, ಅವನೂ, ಕಾಲಾ ನಾಗನೂ ಸೇರಿಕೊಳ್ಳುತ್ತಾರೆ. ಎಷ್ಟು ದಿನ ಅಲೆದರೂ ಹಿಂಡು ಸಿಗುವುದಿಲ್ಲ. ನಡುವೆ ಹುಲಿಯ ಬಾಯಿಗೆ ಸಿಕ್ಕಿ ಅಪ್ಪ ಸಾಯುತ್ತಾನೆ. ದುಃಖದಲ್ಲಿ ಕಾಲಾ ನಾಗ್ ಕೆರಳುತ್ತದೆ. ಆನೆಯನ್ನು ಬೇರೆ ಮಾವುತನಿಗೆ ಒಪ್ಪಿಸುತ್ತಾರೆ. ಅವನು ಕ್ರೂರಿ. ಅವನಿಗೆ ಆನೆ ತಿರುಗಿಬಿದ್ದಾಗ ಅದನ್ನು ಕೊಂದೇಬಿಡುತ್ತಾರೆ ಅಂತ ಹೆದರಿ ಹುಡುಗ ರಾತ್ರೋರಾತ್ರಿ ಆನೆಯ ಜೊತೆ ಕಾಡಿಗೆ ಓಡಿಹೋಗುತ್ತಾನೆ. ಅಲ್ಲಿ, ನಡುಕಾಡಿನಲ್ಲಿ, ದೊಡ್ಡವರ್ಯಾರೂ ಕಾಣದಿದ್ದ ಆನೆಗಳ ಹಿಂಡು ಅವನಿಗೆ ಕಾಣುತ್ತದೆ. ಆನೆಗಳು ಕುಣಿಯುವುದನ್ನೂ ನೋಡುತ್ತಾನೆ. ಅವನು ತೋರಿಸಿದ ದಾರಿಯಿಂದ ತಂಡದ ಕೆಲಸ ಕೈಗೂಡುತ್ತದೆ. ಇಡೀ ಶಿಬಿರ ಆ ಹುಡುಗನಿಗೂ ಆನೆಗೂ ಗೌರವ ಕೊಡುತ್ತದೆ.

ಗಮನಿಸಿದಿರಾ? ಸಿನಿಮಾದ ಹುಡುಗನಿಗೆ ಅಪ್ಪ ಹೋಗುತ್ತಾನೆ. ನಿಜವಾದ ಸಾಬುವಿಗೂ ಅಪ್ಪ ಇರಲಿಲ್ಲ. ಸಿನಿಮಾದ ಹುಡುಗನಿಗೆ ಉಳಿದದ್ದು ಆನೆ. ನಿಜವಾದ ಸಾಬುವಿಗೂ ಅಷ್ಟೇ. ಅವನ ಅಭಿನಯ ನೋಡಿ ಜನ ಬೆರಗಾದರೆ ಅದರಲ್ಲಿ ಆಶ್ಚರ್ಯ ಏನಿದೆ?

ಹಡಗು ಹತ್ತಿದ ಹುಡುಗ

1936ರಲ್ಲಿ ಸಿನಿಮಾದವರು ಇಂಗ್ಲೆಂಡಿಗೆ ವಾಪಸ್ ಹೊರಟಾಗ ಸಾಬುವನ್ನೂ ಅವನ ಅಣ್ಣನನ್ನೂ ಕರೆದುಕೊಂಡು ಹೋದರು. ಉಳಿದ ಭಾಗದ ಚಿತ್ರೀಕರಣ ಲಂಡನ್ ಹತ್ತಿರದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ನಡೆಯಿತು. ಇದನ್ನು ನಡೆಸಿದವರು ಜೋಲ್ಟನ್ ಕೋರ್ಡಾ. ಐರಾವತ ಮೈಸೂರಲ್ಲೇ ಉಳಿದ. ಇಂಗ್ಲೆಂಡಿನಲ್ಲಿ ಸರ್ಕಸ್ ಆನೆಗಳನ್ನು ತರಿಸಿಕೊಂಡರು.

ಹೊಸ ದೇಶ, ಚಳಿ, ಗೊತ್ತಿಲ್ಲದ ಊಟ, ಗೊತ್ತಿಲ್ಲದ ಭಾಷೆ. ನಿಮ್ಮಲ್ಲಿ ಕೆಲವರು ಐದನೇ ಕ್ಲಾಸಲ್ಲೋ ಆರನೇ ಕ್ಲಾಸಲ್ಲೋ ಇಲ್ಲಿಗೆ ಬಂದವರಿದ್ದೀರಿ. ಹೊಸ ಸ್ಕೂಲಿನ ಮೊದಲ ದಿನ ಊಟದ ಹೊತ್ತಿಗೆ ಯಾರ ಪಕ್ಕ ಕೂರಬೇಕು ಅಂತ ತಿಳಿಯದೆ ನಿಂತದ್ದು ನಿಮಗೆ ನೆನಪಿರುತ್ತದೆ. ಸಾಬುವಿನ ಸ್ಥಿತಿಯೂ ಅದೇ. ಅವನನ್ನು ಶಾಲೆಗೆ ಸೇರಿಸಿದರು. ಅವನು ಇಂಗ್ಲಿಷ್ ಕಲಿತ, ಬೇಗನೇ ಕಲಿತ.

1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನ ಪಡೆಯಿತು. ಕಾರಾಪುರದ ಕಾಡು, ಕಬಿನಿಯ ನೀರು, ಮೈಸೂರಿನ ಆನೆಗಳನ್ನು ಪ್ರಪಂಚ ನೋಡಿತು. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ನೆನಪಲ್ಲಿ ಉಳಿದದ್ದು ಆ ಹುಡುಗನ ನಗು.

ಮುಂದಿನ ವರ್ಷ ಅವನು ಬಣ್ಣದ ಚಿತ್ರ 'ದಿ ಡ್ರಮ್'ನಲ್ಲಿ ರಾಜಕುಮಾರನಾದ. ಒಂದು ವಿಷಯ ಇಲ್ಲಿ ಹೇಳಲೇಬೇಕು. ಆ ಚಿತ್ರ ಬ್ರಿಟಿಷರ ಆಳ್ವಿಕೆಯನ್ನು ಹೊಗಳುತ್ತದೆ ಅಂತ ನಮ್ಮ ದೇಶದಲ್ಲಿ ಅದಕ್ಕೆ ವಿರೋಧ ಬಂತು, ಬೊಂಬಾಯಿಯಲ್ಲಿ ಪ್ರತಿಭಟನೆ ನಡೆಯಿತು. ವಿರೋಧ ಮಾಡಿದವರಿಗೆ ಕಾರಣ ಇತ್ತು, ದೇಶ ಆಗ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು. ಸಾಬುವಿಗೆ ಆಗ ಹದಿನಾಲ್ಕು ವರ್ಷ. ಕತೆ ಬರೆದವನು ಅವನಲ್ಲ, ಆರಿಸಿಕೊಂಡವನೂ ಅವನಲ್ಲ. ಇವೆರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ.

1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್' ಬಂತು. ಯುದ್ಧ ಶುರುವಾಗಿದ್ದರಿಂದ ಅದರ ಕೆಲಸ ಲಂಡನ್ನಿನಿಂದ ಹಾಲಿವುಡ್‌ಗೆ ಬಂತು, ಅದರ ಜೊತೆ ಸಾಬುವೂ ಬಂದ. ಆ ಚಿತ್ರಕ್ಕೆ ಮೂರು ಆಸ್ಕರ್ ಸಿಕ್ಕವು. 1942ರಲ್ಲಿ 'ಜಂಗಲ್ ಬುಕ್' ಚಿತ್ರದಲ್ಲಿ ಮೋಗ್ಲಿಯಾದ. ನಿಮ್ಮ ಮನೆಯಲ್ಲಿ ನೀವು ನೋಡಿರುವ ಮೋಗ್ಲಿಗಳಿಗಿಂತ ಎಷ್ಟೋ ಮೊದಲೇ ಮೈಸೂರು ಸೀಮೆಯ ಈ ಹುಡುಗ ತೆರೆಯ ಮೇಲೆ ಮೋಗ್ಲಿಯಾಗಿದ್ದ!

ಆಕಾಶದಲ್ಲಿ

ಹೆಸರು ಬಂದಿತ್ತು, ಹಣ ಬಂದಿತ್ತು. ಸುಮ್ಮನೆ ಇರಬಹುದಿತ್ತು. ಆದರೆ ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1944ರಲ್ಲಿ ಸಾಬು ಅಮೆರಿಕದ ಪೌರನಾದ. ಆಗಿನ ಕಾಲದಲ್ಲಿ ಭಾರತದಿಂದ ಬಂದವರಿಗೆ ಇಲ್ಲಿ ಪೌರತ್ವ ಸಿಗುವುದು ಬಹಳ ಕಷ್ಟ. ಎಲ್ಲರಿಗೂ ಬಾಗಿಲು ತೆರೆಯುವ ಕಾನೂನು ಬಂದದ್ದು 1946ರಲ್ಲಿ. ಪೌರನಾದ ಸಾಬು ಸೈನ್ಯದ ವಾಯುದಳ ಸೇರಿದ.

ಅವನನ್ನು ಬಿ-24 ಎಂಬ ದೊಡ್ಡ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಕಡೆ ಕಳಿಸಿದರು. ಆ ವಿಮಾನದಲ್ಲಿ ಸುಮಾರು ಹತ್ತು ಜನ ಇರುತ್ತಿದ್ದರು. ಗನ್ನರ್‌ನ ಕೆಲಸ ಅಂದರೆ ಇಕ್ಕಟ್ಟಾದ ಗೂಡಿನಲ್ಲಿ ಕೂತು, ಶತ್ರು ವಿಮಾನ ಯಾವ ಕಡೆಯಿಂದ ಬರುತ್ತೆ ಅಂತ ಕಣ್ಣು ಮಿಟುಕಿಸದೆ ಕಾಯುವುದು. ಅವನು ಒಂದು ಕ್ಷಣ ಮೈಮರೆತರೆ ಉಳಿದವರ ಪ್ರಾಣವೂ ಹೋಗುತ್ತದೆ. ಸಾಬು ಇಂಥ ಹತ್ತಾರು ಹಾರಾಟಗಳಲ್ಲಿ ಭಾಗವಹಿಸಿದ. ಅವನ ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಕೊಟ್ಟರು. ಸಿನಿಮಾದಲ್ಲಿ ಸಾಹಸ ಮಾಡುವವರು ತುಂಬಾ ಜನ ಇದ್ದಾರೆ. ಈ ಪದಕ ಸಿನಿಮಾದ್ದಲ್ಲ.

ವಾಪಸ್ ಬಂದ ಮೇಲೆ

ಯುದ್ಧದಿಂದ ಮರಳಿದಾಗ ಸಾಬು ಹುಡುಗನಾಗಿ ಉಳಿದಿರಲಿಲ್ಲ. 1947ರಲ್ಲಿ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಒಳ್ಳೆಯ ಚಿತ್ರದಲ್ಲಿ ನಟಿಸಿದ. 1948ರಲ್ಲಿ ಮದುವೆಯಾದ, ಇಬ್ಬರು ಮಕ್ಕಳಾದರು. ಆದರೆ ಹಾಲಿವುಡ್ ಅವನನ್ನು ಕಾಡಿನ ಹುಡುಗನಾಗಿಯೇ ನೋಡಲು ಬಯಸುತ್ತಿತ್ತು. ಅದೇ ಮುಂಡಾಸು, ಅದೇ ಪಂಚೆ, ಅದೇ ಕಾಡು. ಒಬ್ಬ ಡಾಕ್ಟರ್ ಆಗಿಯೋ ಮೇಷ್ಟ್ರಾಗಿಯೋ ಅವನನ್ನು ಕಲ್ಪಿಸಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ದೊಡ್ಡವರು ಇದನ್ನು ಓದುತ್ತಿದ್ದರೆ, ಹೊರಗಿನವರು ನಮ್ಮನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದಾಗ ಆಗುವ ಬೇಸರ ನಿಮಗೆ ಗೊತ್ತಿರುತ್ತದೆ. ಸಾಬು ಅದನ್ನು ಎಪ್ಪತ್ತು ವರ್ಷದ ಹಿಂದೆಯೇ ಅನುಭವಿಸಿದ.

ಕೈಯಲ್ಲಿ ಸಿನಿಮಾ ಕಡಿಮೆಯಾದಾಗ ಅವನು ಏನು ಮಾಡಿದ ಗೊತ್ತಾ? 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ನೋಡಿ, ಅಪ್ಪ ಕಲಿಸಿದ ಕೆಲಸ ಮತ್ತೆ ಕೈ ಹಿಡಿಯಿತು.

ಆಮೇಲೆ ಒಂದು ದೊಡ್ಡ ಅವಕಾಶ ಹತ್ತಿರ ಬಂತು. ಮೆಹಬೂಬ್ ಖಾನ್ ಎಂಬ ಹೆಸರಾಂತ ನಿರ್ದೇಶಕರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಸಾಬುವನ್ನು ಯೋಚಿಸಿದರು. ಆದರೆ ಅವನು ಈಗ ಬೇರೆ ದೇಶದ ಪ್ರಜೆ. ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಆ ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. ಪ್ರಪಂಚದಲ್ಲಿ ಭಾರತದ ಹುಡುಗ ಅಂತಲೇ ಹೆಸರು ಮಾಡಿದ ಸಾಬು ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ.

ವೀಸಾ, ಪರ್ಮಿಟ್, ಪಾಸ್‌ಪೋರ್ಟ್ ಅನ್ನೋ ಮಾತುಗಳು ನಮ್ಮ ಮನೆಗಳಲ್ಲಿ ಎಷ್ಟು ಸಲ ಬರುತ್ತವೆ ಅಲ್ವಾ? ಒಂದು ದೇಶಕ್ಕೆ ಸೇರಿದಾಗ ಇನ್ನೊಂದು ದೇಶದ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮನಸ್ಸು ಮಾತ್ರ ಎರಡೂ ಕಡೆ ಇರುತ್ತದೆ.

1960ರಲ್ಲಿ ಹಾಲಿವುಡ್ ಬುಲೆವಾರ್ಡ್‌ನಲ್ಲಿ ಅವನ ಹೆಸರಿನ ನಕ್ಷತ್ರ ಹಾಕಿದರು. ಡಿಸ್ನಿಯವರ 'ಎ ಟೈಗರ್ ವಾಕ್ಸ್' ಚಿತ್ರದಲ್ಲಿ ಅವನು ಹುಲಿಯನ್ನು ಪಳಗಿಸುವವನ ಪಾತ್ರ ಮಾಡಿದ. ಆ ಚಿತ್ರ ಬಿಡುಗಡೆಯಾದಾಗ ನೋಡಲು ಅವನೇ ಇರಲಿಲ್ಲ. 1963ರ ಡಿಸೆಂಬರ್ 2ರಂದು, ನಮ್ಮ ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ, ಹೃದಯಾಘಾತದಿಂದ ಸಾಬು ತೀರಿಕೊಂಡ. ಆಗ ಅವನಿಗೆ ಬರೀ 39 ವರ್ಷ. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಅವನ ಮಗಳು ದೊಡ್ಡವಳಾದ ಮೇಲೆ ಸಿನಿಮಾಗಳಿಗೆ ಪ್ರಾಣಿಗಳನ್ನು ತರಬೇತಿ ಮಾಡುವ ಕೆಲಸ ಹಿಡಿದಳು. ಕಾರಾಪುರದ ಮಾವುತನ ವಿದ್ಯೆ ಹೀಗೆ ಮೊಮ್ಮಗಳವರೆಗೂ ಬಂತು ಅನ್ನಬಹುದು.

ಈಗಿನ ಕಾರಾಪುರ

ಕಬಿನಿಗೆ ಅಣೆಕಟ್ಟು ಕಟ್ಟಿದ್ದು 1974ರಲ್ಲಿ. ಖೆಡ್ಡಾ ನಡೆಯುತ್ತಿದ್ದ ಕಾಡಿನ ಎಷ್ಟೋ ಭಾಗ ನೀರಲ್ಲಿ ಮುಳುಗಿತು. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಆಗ ಸುತ್ತಲ ಕಾಡುಗಳಿಂದ ಆನೆಗಳು ನೂರುಗಟ್ಟಲೆ ಅಲ್ಲಿಗೆ ಬಂದು ಸೇರುತ್ತವೆ. ಈಗ ಅವುಗಳನ್ನು ಯಾರೂ ಅಟ್ಟುವುದಿಲ್ಲ, ಕಂಬದ ಆವರಣಕ್ಕೆ ಕೂಡುವುದಿಲ್ಲ. ಜನ ದೋಣಿಯಲ್ಲಿ, ಜೀಪಿನಲ್ಲಿ ಕೂತು ಸುಮ್ಮನೆ ನೋಡುತ್ತಾರೆ. ಊರಿಗೆ ಹೋದಾಗ ಅಪ್ಪ-ಅಮ್ಮನಿಗೆ ಹೇಳಿ ಒಂದು ಸಲ ಹೋಗಿಬನ್ನಿ.

ಹೋದಾಗ ಅಲ್ಲಿನ ಮಾವುತರು ಆನೆಗೆ ಸ್ನಾನ ಮಾಡಿಸುವುದು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿ. ಆನೆಗೆ ಯಾರು ಪ್ರಸಿದ್ಧರು, ಯಾರು ಬಡವರು ಅನ್ನೋದು ಗೊತ್ತಿಲ್ಲ. ದಿನಾ ಬಂದು ಮೇವು ಹಾಕಿದವರು ಯಾರು, ಮುಳ್ಳು ತೆಗೆದವರು ಯಾರು ಅನ್ನೋದು ಗೊತ್ತಿದೆ. ಸಾಬು ಅದನ್ನು ಓದು ಬರಹ ಕಲಿಯುವ ಮೊದಲೇ ಕಲಿತಿದ್ದ.

ಇನ್ನು ನಿಮಗೊಂದು ಚಿಕ್ಕ ಕೆಲಸ. ನಿಮ್ಮ ತಾತ ಅಥವಾ ಮುತ್ತಾತ ಏನು ಕೆಲಸ ಮಾಡುತ್ತಿದ್ದರು, ಅದರಲ್ಲಿ ಯಾವುದಾದರೂ ಒಂದು ನಿಮ್ಮ ಅಪ್ಪ-ಅಮ್ಮನಿಗೆ ಬರುತ್ತಾ ಅಂತ ಮನೆಯಲ್ಲಿ ಕೇಳಿ. ಬಂದರೆ ಅದನ್ನು ನೀವೂ ಸ್ವಲ್ಪ ಕಲಿಯಿರಿ. ಯಾವಾಗ ಕೈ ಹಿಡಿಯುತ್ತೋ ಹೇಳೋಕಾಗಲ್ಲ.

ಮುಂದಿನ ಸಲ ಹಾಲಿವುಡ್ ಬುಲೆವಾರ್ಡ್‌ಗೆ ಹೋದಾಗ ಆ ನಕ್ಷತ್ರ ಹುಡುಕಿ. ಅದರ ಮೇಲೆ ಕಾಲಿಡದೆ ಪಕ್ಕಕ್ಕೆ ನಿಂತು, ನಿಮ್ಮ ಜೊತೆ ಇರುವವರಿಗೆ ಹೇಳಿ: ಇವನು ಕಾರಾಪುರದವನು, ನಮ್ಮ ಕಡೆಯವನು.